ಮೂವತ್ತೈದು ಅಡಿ ಕೆಳಗಿನ ಐದನೇ ಕಂಬಿ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ಯಾಕೆಂದರೆ ಎಪ್ಪತ್ತರ ದಶಕದ ನಡುವಿನ ಕೆಲವು ವರ್ಷ, ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವ ದಾರಿಯ ಒಂದು ದೊಡ್ಡ ಕೆರೆಯಲ್ಲಿ, ನೀರೊಳಗೆ ಎಷ್ಟು ಆಳದವರೆಗೆ ಕಣ್ಣು ಕಾಣುತ್ತದೆ ಎಂಬುದನ್ನು ಸರ್ಕಾರಕ್ಕೆ ತಿಳಿಸುವ ಜವಾಬ್ದಾರಿ ನನ್ನ ಮೇಲಿತ್ತು. ನನ್ನೂರು ಹೊಳಲ್ಕೆರೆ ಕಡೆ. ನಮ್ಮೂರ ಕೆರೆ ತುಂಬಿದ್ದಾಗ ನಾನು ತೀರಾ ಚಿಕ್ಕವನು. ನಾನು ಈಜುವಷ್ಟು ದೊಡ್ಡವನಾದಾಗ ಅದರ ಅಂಗಳದಲ್ಲಿ ಕಡಲೆ ಬಿತ್ತುತ್ತಿದ್ದರು. ಹೀಗಾಗಿ ನೀರಿನ ವಿಷಯದಲ್ಲಿ ನನ್ನದು ಬರೀ ಲಿಖಿತ ಜ್ಞಾನ.

ಹುದ್ದೆಯ ಹೆಸರು ವರ್ಕ್ ಇನ್ಸ್‌ಪೆಕ್ಟರ್. ನನಗಿಂತ ಮೊದಲು ಅಲ್ಲಿದ್ದ ಯಾರೋ ಅಧಿಕಾರಿ ಎಲ್ಲೋ ತರಬೇತಿಗೆ ಹೋಗಿ ಬಂದು, ಇನ್ನು ಮುಂದೆ ಕೆರೆಯ ನೀರಿನ ತಿಳಿಯನ್ನು ಪ್ರತಿದಿನ ಅಳೆಯತಕ್ಕದ್ದು ಎಂದು ಆದೇಶ ಹೊರಡಿಸಿದ್ದರು. ಆಮೇಲೆ ಅವರಿಗೆ ವರ್ಗವಾಯಿತು. ಆದೇಶಕ್ಕೆ ಆಗಲಿಲ್ಲ. ಅಳತೆಯ ಸಾಧನ ಒಂದು ಬಿಳಿ ಪಿಂಗಾಣಿ ತಟ್ಟೆ. ವಿಶೇಷದ್ದೇನಲ್ಲ, ಊಟ ಮಾಡುವ ತಟ್ಟೆಯೇ. ಅಂಚಿಗೆ ಮೂರು ತೂತು, ಕೆಳಗೊಂದು ಕಲ್ಲು, ಮೇಲೆ ಅಡಿಗೊಂದು ಗಂಟು ಹಾಕಿದ ಹಗ್ಗ. ಬೆಳಗ್ಗೆ ಹತ್ತಕ್ಕೆ ದೋಣಿಯಲ್ಲಿ ತೂಬಿನ ಮುಂದಕ್ಕೆ ಹೋಗಿ ತಟ್ಟೆಯನ್ನು ಇಳಿಬಿಡಬೇಕು. ಅದು ಕಣ್ಣಿಗೆ ಮರೆಯಾಗುವ ಹೊತ್ತಿಗೆ ಎಷ್ಟು ಗಂಟು ಮುಳುಗಿದವೋ ಅಷ್ಟನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ನಾನು ಒಂದು ಕೈಯಲ್ಲಿ ದೋಣಿಯ ಹಲಗೆ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು, ಸರ್ಕಾರದ ಪರವಾಗಿ ನೀರಿನೊಳಗೆ ಇಣುಕುತ್ತಿದ್ದೆ.

ಒಂದು ವರ್ಷ ಇಣುಕಿದ ಮೇಲೆ ನೀರಿನ ಸ್ವಭಾವ ನನಗೆ ತಿಳಿದುಹೋಯಿತು ಎಂದು ಭಾವಿಸಿದೆ. ಆಷಾಢದ ಗಾಳಿ ಎದ್ದರೆ ದಡದ ಕೆಸರು ಕದಡಿ ತಟ್ಟೆ ಮೂರು ಅಡಿಗೆ ಮರೆಯಾಗುತ್ತಿತ್ತು. ಭಾದ್ರಪದದಲ್ಲಿ ಹೊಸ ನೀರು ಬಂದರೆ ಒಂದೇ ಅಡಿ. ಕೆಲವು ದಿನ ತಟ್ಟೆ ನೀರು ಮುಟ್ಟುವ ಮೊದಲೇ ಬರೆದುಬಿಡಬಹುದಿತ್ತು. ದೀಪಾವಳಿ ಕಳೆದರೆ ನೀರು ತಿಳಿಯಾಗುತ್ತ ಬಂದು, ಚಳಿಗಾಲವಿಡೀ ಹನ್ನೆರಡು, ಹನ್ನೆರಡು, ಹನ್ನೆರಡು. ಯುಗಾದಿ ಆದ ಮೇಲೆ ಪಾಚಿಯ ಹಸಿರು ಏರಿ ಮತ್ತೆ ಆರಕ್ಕೆ ಇಳಿಯುತ್ತಿತ್ತು. ಚಳಿಗಾಲದ ಪುಟಗಳನ್ನು ನೋಡಿದರೆ ಯಾರಿಗಾದರೂ ಮನಸ್ಸು ತಣ್ಣಗಾಗಬೇಕು. ಅಷ್ಟು ಒಂದೇ ಸಮ.

ದೋಣಿ ನಡೆಸುತ್ತಿದ್ದವನನ್ನು ನಾವೆಲ್ಲ ದೋಣಿಯಣ್ಣ ಎನ್ನುತ್ತಿದ್ದೆವು. ಐವತ್ತು ದಾಟಿದ ಮನುಷ್ಯ, ಮೀನು ಹಿಡಿಯುವವರ ಕೇರಿಯವನು, ದಿನಗೂಲಿಯ ಹಾಜರಿ ಪಟ್ಟಿಯಲ್ಲಿ ಅವನ ಹೆಸರು ಎಷ್ಟೋ ವರ್ಷದಿಂದ ಇತ್ತು. ಆ ಹೆಸರು ಅಲ್ಲಿ ಇದ್ದದ್ದು ದೋಣಿಗಾಗಿ ಅಲ್ಲ, ಮುಳುಗುವುದಕ್ಕಾಗಿ. ವರ್ಷಕ್ಕೆ ಒಂದೆರಡು ಬಾರಿ ತೂಬನ್ನು ಮುಚ್ಚಿ, ಅವನು ಎದೆಗೆ ಒಂದು ಕಲ್ಲು ಅವುಚಿಕೊಂಡು ಮೂವತ್ತೈದು ಅಡಿ ಕೆಳಗಿನ ತೂಬಿನ ಬಾಯಿಗೆ ಹೋಗುತ್ತಿದ್ದ. ಅಲ್ಲಿ ಮರದ ದಿಮ್ಮಿ, ಕಸಕಡ್ಡಿ ಒಳಗೆ ನುಗ್ಗದಂತೆ ಕಬ್ಬಿಣದ ಕಂಬಿಗಳ ಜಾಲರಿ ಇತ್ತು. ಅದನ್ನು ತಡಕಿ, ಕಲ್ಲು ಅಲ್ಲೇ ಬಿಟ್ಟು, ಮೇಲೆ ಬಂದು ಹೇಗಿದೆ ಎಂದು ಹೇಳುತ್ತಿದ್ದ. ಅವನು ಹೇಳಿದ್ದನ್ನು ನಾವು ಬರೆದುಕೊಳ್ಳುತ್ತಿದ್ದೆವು. ಆವರೆಗೂ ಹೀಗೇ ನಡೆದಿತ್ತು.

ಆ ವರ್ಷ ಶ್ರಾವಣದಲ್ಲಿ ಅವನು ಮುಳುಗಿ ಎದ್ದು, ಎಡದಿಂದ ಐದನೇ ಕಂಬಿ ಬುಡದ ಹತ್ತಿರ ಮುರಿದಿದೆ, ಒಳಕ್ಕೆ ಬಾಗಿದೆ, ಮುಷ್ಟಿ ತೂರಿಸುವಷ್ಟು ಸಂದಿ ಆಗಿದೆ ಎಂದ. ನಾನು ಬರೆದುಕೊಂಡು ಹೊಸದಾಗಿ ಬಂದಿದ್ದ ಇಂಜಿನಿಯರ್ ಸಾಹೇಬರ ಮುಂದಿಟ್ಟೆ. ತುರ್ತು ಪರಿಸ್ಥಿತಿಯ ಕಾಲ. ಎಲ್ಲರೂ ಸರಿಯಾದ ಹೊತ್ತಿಗೆ ಕಚೇರಿಗೆ ಬರುತ್ತಿದ್ದರು. ಬಂದ ಮೇಲೆ ಒಬ್ಬರನ್ನೊಬ್ಬರು ಅನುಮಾನಿಸುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತಿತ್ತು. ಸಾಹೇಬರು ಚಿತ್ರದುರ್ಗದ ಕಚೇರಿಯಲ್ಲಿ ಕಡತಗಳ ನಡುವೆ ಬಹಳ ಕಾಲ ಇದ್ದು ಬಂದವರು. ಯಾವ ಕಾಗದ ಕಂಡರೂ ಮೊದಲು ಅದರ ಹಿಂಬದಿ ನೋಡುತ್ತಿದ್ದರು. ದೋಣಿಯಣ್ಣನನ್ನು ಕರೆಸಿದರು.

"ಕಂಬಿ ಮುರಿದದ್ದನ್ನ ನೀನು ಕಣ್ಣಾರೆ ನೋಡಿದೆಯಾ?"

"ನೋಡಕ್ಕೆಲ್ಲಿ ಆಗ್ತೈತೆ ಸಾಹೇಬ್ರೆ, ಅಲ್ಲಿ ಕತ್ಲೆ. ಮುಟ್ಟಿದೆ."

ಸಾಹೇಬರು ನನ್ನ ಕಡೆ ತಿರುಗಿದರು. ವರದಿಯ ನಮೂನೆಯಲ್ಲಿ 'ಕಣ್ಣಾರೆ ನೋಡಿದವರ ಸಹಿ' ಎಂಬ ಕಾಲಂ ಇತ್ತು. ಮುಟ್ಟಿದವರಿಗೆ ಕಾಲಂ ಇರಲಿಲ್ಲ. ಇಷ್ಟು ವರ್ಷ ಅಲ್ಲಿ ದೋಣಿಯಣ್ಣನ ಹೆಬ್ಬೆಟ್ಟು ಬೀಳುತ್ತಿದ್ದದ್ದು ಹೇಗೆ ಎಂದು ಅವರು ಕೇಳಿದರು. ಹಿಂದಿನವರು ಹಾಕಿಸುತ್ತಿದ್ದರು, ನಾನೂ ಹಾಕಿಸಿದೆ ಎಂದೆ. ಸರ್ಕಾರಿ ಉತ್ತರಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಆದರೂ ಅದು ಅವತ್ತು ನಿಲ್ಲಲಿಲ್ಲ.

ಅವನು ಹೊರಗೆ ಹೋದ ಮೇಲೆ ಸಾಹೇಬರು ತಮ್ಮ ಅನುಮಾನವನ್ನು ನನಗೆ ಬಿಡಿಸಿ ಹೇಳಿದರು. ಜಾಲರಿ ರಿಪೇರಿ ಆಗಬೇಕಾದರೆ ಕೆರೆ ಬರಿದಾಗಬೇಕು. ಕೆರೆ ಬರಿದಾದರೆ ಮೀನೆಲ್ಲ ತೂಬಿನ ಮುಂದಿನ ಗುಂಡಿಗೆ ಬಂದು ಸೇರುತ್ತವೆ. ಆಗ ಬುಟ್ಟಿ ಹಿಡಿದುಕೊಂಡು ಬರುವವರು ಯಾರು? ಇವನ ಕೇರಿಯವರು. ಹಾಗಾದರೆ ಕಂಬಿ ಮುರಿದಿದ್ದರಿಂದ ಲಾಭ ಯಾರಿಗೆ? ಅವರು ಹೇಳುತ್ತ ಹೋದಂತೆ ನನಗೂ ಎಲ್ಲ ಸ್ಪಷ್ಟವಾಗಿ ಕಾಣತೊಡಗಿತು. ದಿನಾ ಒಂದೇ ದೋಣಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುವ ಮನುಷ್ಯನನ್ನು ಅನುಮಾನಿಸಲು ನನಗೆ ಒಂದು ಕಾಲು ಗಂಟೆ ಸಾಕಾಯಿತು. ಬೇರೆಯವರ ತಪ್ಪು ಬರೆಯುವಾಗ ಇದನ್ನೂ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ.

ತೀರ್ಮಾನ ಹೀಗಾಯಿತು: ಕರಾವಳಿಯಲ್ಲಿ ಕೇಂದ್ರ ಸರ್ಕಾರದ ಬಂದರೊಂದರಿಂದ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಅರ್ಧ ಗಂಟೆ ಇರಬಲ್ಲ ಮುಳುಗುಗಾರರನ್ನು ಕರೆಸುವುದು. ಅವರು ಕಣ್ಣಾರೆ ನೋಡಿ ಕಂಬಿ ಮುರಿದಿದೆ ಎಂದರೆ ಸರಿ. ಇಲ್ಲ ಎಂದರೆ ದೋಣಿಯಣ್ಣನ ಹೆಸರನ್ನು ಹಾಜರಿ ಪಟ್ಟಿಯಿಂದ ಹೊಡೆಯುವುದು. ಇದನ್ನು ಅವನಿಗೆ ತಿಳಿಸುವ ಕೆಲಸ ನನಗೆ ಬಂತು. ಅವನು ಹುಟ್ಟನ್ನು ಕೈಯಿಂದ ಇಡಲೂ ಇಲ್ಲ. ಬರಲಿ ಬಿಡ್ರಿ, ಕಂಬಿ ಅಲ್ಲೇ ಐತಲ್ಲ, ಓಡಿ ಹೋಗಲ್ಲ ಎಂದು ಹೇಳಿ ದೋಣಿ ತಿರುಗಿಸಿದ. ಹೆದರಬೇಕಾದವನು ಹೆದರದೆ ಇದ್ದದ್ದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಬಂದರಿನಿಂದ ಮಾರುತ್ತರ ಬಂತು. ನಿಮ್ಮಲ್ಲಿ ನೀರು ಯಾವ ತಿಂಗಳು ಹೆಚ್ಚು ತಿಳಿಯಾಗಿರುತ್ತದೆ, ಎಷ್ಟು ಅಡಿ ಕಾಣುತ್ತದೆ, ಒಳಪ್ರವಾಹ ಉಂಟೇ ಎಂದು ಮೂರು ಪ್ರಶ್ನೆ. ನನ್ನ ಜೀವಮಾನದಲ್ಲಿ ನನ್ನ ರಿಜಿಸ್ಟರನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಸ್ನಾನ ಮಾಡಿ ಬಂದು ಉತ್ತರ ಬರೆದೆ ಎಂದರೆ ಹೆಚ್ಚಾಗಲಿಲ್ಲ. ಡಿಸೆಂಬರ್ ಮೊದಲ ವಾರ, ಹನ್ನೆರಡು ಅಡಿ, ಒಳಪ್ರವಾಹ ಇರುವುದಿಲ್ಲ. ಕೊನೆಯದನ್ನು ಬರೆಯುವಾಗ ನಗು ಬಂತು. ಕೆರೆಯಲ್ಲಿ ಪ್ರವಾಹವಿರಲು ಅದೇನು ಸಮುದ್ರವೇ?

ಡಿಸೆಂಬರ್‌ನಲ್ಲಿ ಮುಳುಗುಗಾರರು ಜೀಪಿನಲ್ಲಿ ಬಂದರು. ಒಬ್ಬರೇ; ಕಟ್ಟುಮಸ್ತಾದ, ಕಡಿಮೆ ಮಾತಿನ ಮನುಷ್ಯ. ಜೊತೆಗೆ ಹಗ್ಗ ಹಿಡಿಯಲು ಒಬ್ಬ ಸಹಾಯಕ, ನಾಲ್ಕು ಸಿಲಿಂಡರ್. ಹಿರಿಯೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರು ಟೀ ಕುಡಿಯಲು ನಿಂತದ್ದೇ ಸಾಕಾಯಿತು, ಸುದ್ದಿ ಮೂರು ಬಗೆಯಾಗಿ ಹರಡಿತು. ಪಾಳೆಯಗಾರರ ಕಾಲದ ಹೊನ್ನಿನ ಕೊಪ್ಪರಿಗೆ ತೆಗೆಯಲು ಬಂದಿದ್ದಾರೆ ಎಂಬುದು ಒಂದು. ಕೆರೆಗೆ ಗ್ಯಾಸ್ ಬಿಡುತ್ತಾರೆ ಎಂಬುದು ಇನ್ನೊಂದು. ಮೂರನೆಯದು, ಶ್ರೀರಾಂಪುರದ ಬಸ್ಸಿನಲ್ಲಿ ನನಗೇ ಕೇಳಿಬಂದದ್ದು: ಇದು ಕುಟುಂಬ ಯೋಜನೆಯವರ ಹೊಸ ಉಪಾಯ. ಹೇಗೆ ಎಂದು ಕೇಳಿದೆ. ಹೇಗಂತ ಹೇಳ್ತಾರೇನ್ರಿ, ಹೇಳಿದ್ರೆ ಯಾರು ಸಿಕ್ತಾರೆ ಎಂದರು.

ಸಂಜೆ ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಮುಳುಗುಗಾರರು ಸಮುದ್ರದ ವಿಷಯ ಹೇಳಿದರು. ಮಳೆಗಾಲದಲ್ಲಿ ಅಲ್ಲಿ ಮುಳುಗುವ ಮಾತೇ ಇಲ್ಲವಂತೆ. ಅಲೆ ತಳದ ಕೆಸರನ್ನೆಲ್ಲ ಎಬ್ಬಿಸಿ, ಹೊಳೆಗಳು ಘಟ್ಟದ ಮಣ್ಣನ್ನೆಲ್ಲ ತಂದು ಸುರಿದು, ಚಾಚಿದ ಕೈಯ ಬೆರಳು ಕಾಣುವುದಿಲ್ಲ. ಮಳೆ ನಿಂತ ಮೇಲೂ ತಳದ ತಣ್ಣೀರು ಮೇಲೆದ್ದು ಬಂದು ಕೆಲವು ವಾರ ನೀರು ಹಸಿರುಗಟ್ಟಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಅದರಲ್ಲೂ ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರವಿಳಿತ ಜೋರು, ಸೆಳೆತದಲ್ಲಿ ಕೆಸರು ಏಳುತ್ತದೆ. ಅಷ್ಟಮಿಯ ಹೊತ್ತಿಗೆ ನೀರು ಸುಮ್ಮನಿರುತ್ತದೆ, ಆಗ ಇಳಿಯಬೇಕು. ಪಕ್ಕದಲ್ಲಿ ಕೂತಿದ್ದ ಸಾಹೇಬರು ಅಷ್ಟಮಿ ಎಂದ ಕೂಡಲೇ ನನ್ನನ್ನು ನೋಡಿದರು. ಕೇಂದ್ರ ಸರ್ಕಾರದ ಮುಳುಗುಗಾರ ಪಂಚಾಂಗ ನೋಡುತ್ತಾನೆ ಎಂಬುದು ಅವರಿಗೆ ಸರಿಬರಲಿಲ್ಲ. ಆ ಗಳಿಗೆಯಿಂದ ಇವರ ಮೇಲೂ ಒಂದು ಕಣ್ಣು ಇಟ್ಟರು.

ಮರುದಿನ ಬೆಳಗ್ಗೆ ನೀರು ಕನ್ನಡಿಯಂತಿತ್ತು. ತಟ್ಟೆ ಬಿಟ್ಟೆ. ಹನ್ನೆರಡು. ಮುಳುಗುಗಾರರು ದೋಣಿಯ ಅಂಚಿನಲ್ಲಿ ಹಿಂದಕ್ಕೆ ಮಗುಚಿ ಬಿದ್ದರು. ಗುಳ್ಳೆಗಳು ಏಳುತ್ತಲೇ ಇದ್ದವು. ಇಪ್ಪತ್ತು ನಿಮಿಷದ ಮೇಲೆ ಎದ್ದು ಬಂದು, ಬಾಯಿಯ ಕೊಳವೆ ತೆಗೆದು, ನನ್ನನ್ನೇ ನೋಡಿದರು.

"ಎಂತ ಕಾಣುವುದು ಮಾರಾಯ್ರೆ ಅಲ್ಲಿ? ಕೆಳಗೆ ಇಡೀ ಕೆಂಪು ಗಂಜಿ. ನನ್ನ ಕೈಯೇ ನನಗೆ ಕಾಣಲಿಲ್ಲ. ಗೋಡೆ ಸಿಕ್ಕಿತು, ಜಾಲರಿ ಸಿಗಲಿಲ್ಲ."

ದಡಕ್ಕೆ ಬಂದು ಸಾಹೇಬರ ಮುಖ ನೋಡಿದೆ. ಈಗ ಅವರ ಅನುಮಾನಕ್ಕೆ ಮೂರು ದಾರಿ ತೆರೆದಿದ್ದವು: ಮುಳುಗುಗಾರ ತಳದವರೆಗೆ ಹೋಗಲೇ ಇಲ್ಲ, ದೋಣಿಯಣ್ಣ ಹಿಂದಿನ ದಿನ ಬಂದು ತಳ ಕದಡಿದ್ದಾನೆ, ಇಲ್ಲವೇ ವರ್ಕ್ ಇನ್ಸ್‌ಪೆಕ್ಟರು ಮನೆಯಲ್ಲಿ ಕೂತು ರಿಜಿಸ್ಟರ್ ಬರೆಯುತ್ತಾನೆ. ಮುಳುಗುಗಾರರು ಮೂರನೆಯದನ್ನೇ ಆರಿಸಿಕೊಂಡರು. ರಿಜಿಸ್ಟರ್ ತರಿಸಿ, ಒದ್ದೆ ಬೆರಳು ತಾಗದಂತೆ ಪೆನ್ಸಿಲಿನಲ್ಲಿ ಪುಟ ತಿರುವಿ ನೋಡಿದರು. ಹನ್ನೆರಡಕ್ಕಿಂತ ಹೆಚ್ಚು ಯಾಕೆ ಎಲ್ಲೂ ಇಲ್ಲ ಎಂದು ಕೇಳಿದರು. ಅದು ಗರಿಷ್ಠ ಎಂದೆ. ಹಗ್ಗ ಕೊಡಿ ಎಂದರು. ಕೊಟ್ಟೆ. ಅವರು ಒಂದೊಂದೇ ಗಂಟನ್ನು ಹೆಬ್ಬೆರಳಿನಲ್ಲಿ ಒತ್ತುತ್ತ ಎಣಿಸಿದರು. ಹನ್ನೆರಡನೆಯ ಗಂಟು ಆದ ಮೇಲೆ ಅವರ ಕೈಯಲ್ಲಿ ಹಗ್ಗ ಉಳಿದಿರಲಿಲ್ಲ.

ಆದೇಶ ಬಂದ ದಿನ ಸ್ಟೋರಿನಲ್ಲಿ ಅಷ್ಟೇ ಹಗ್ಗ ಮಿಕ್ಕಿತ್ತಂತೆ. ಹಿಂದಿನವರಿಗೆ ಅದನ್ನೇ ಕೊಟ್ಟಿದ್ದರು, ಅವರು ನನಗೆ ಕೊಟ್ಟರು. ಚಳಿಗಾಲವಿಡೀ ತಟ್ಟೆ ಹಗ್ಗದ ತುದಿಯಲ್ಲಿ ಬೆಳ್ಳಗೆ ಕಾಣುತ್ತಿರುವಾಗಲೇ ನಾನು ಎಳೆದುಕೊಂಡು ಹನ್ನೆರಡು ಎಂದು ಬರೆದಿದ್ದೆ. ಅದು ಮರೆಯಾಗಿಲ್ಲವಲ್ಲ ಎಂಬ ಯೋಚನೆ ನನಗೆ ಒಂದು ದಿನವೂ ಬರಲಿಲ್ಲ. ನಾನು ಎರಡು ವರ್ಷದಿಂದ ಅತ್ಯಂತ ಪ್ರಾಮಾಣಿಕವಾಗಿ ಅಳೆದದ್ದು ಸ್ಟೋರಿನ ಹಗ್ಗವನ್ನು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ದೋಣಿಯಣ್ಣ ಮಾತ್ರ ತನ್ನ ಗುಡಿಸಲಿಗೆ ಹೋಗಿ ಬಾವಿ ಹಗ್ಗ ತಂದು ನನ್ನ ಹಗ್ಗಕ್ಕೆ ಜೋಡಿಸಿ, ಅದಕ್ಕೂ ಅಡಿಗೊಂದು ಗಂಟು ಹಾಕಿದ. ಮುಳುಗುಗಾರರೂ ಅವನೂ ನಾನೂ ಮತ್ತೆ ತೂಬಿನ ಮುಂದಕ್ಕೆ ಹೋದೆವು. ತಟ್ಟೆ ಹನ್ನೆರಡು ದಾಟಿತು, ಹದಿನೈದು ದಾಟಿತು. ಹದಿನೆಂಟರ ಹತ್ತಿರ, ಯಾರೋ ಅದರ ಮೇಲೆ ಅಂಗೈ ಇಟ್ಟು ಮುಚ್ಚಿದಂತೆ ಒಮ್ಮೆಗೇ ಹೋಯಿತು. ಇನ್ನೂ ಇಳಿಸಿದಾಗ ಹಗ್ಗ ನೆಟ್ಟಗೆ ನಿಲ್ಲದೆ, ಗಾಳಿಯಿಲ್ಲದ ಆ ಬೆಳಗಿನಲ್ಲಿ, ಮೆಲ್ಲಗೆ ತೂಬಿನ ಕಡೆಗೆ ಓರೆಯಾಯಿತು.

ದೋಣಿಯಣ್ಣ ಹಗ್ಗ ತೋರಿಸಿದ. ಅವನು ಹೇಳಿದ್ದರ ಸಾರ ಇಷ್ಟು: ದೀಪಾವಳಿಯ ಹಿಂದೆಮುಂದೆ ಹೊಸದುರ್ಗದ ಕಡೆ ಮಳೆಯಾಗಿ ಮೇಲಿನ ಕೆರೆಗಳೆಲ್ಲ ಕೋಡಿ ಬಿದ್ದಿವೆ. ಆ ಕೆಂಪು ನೀರು ಇನ್ನೂ ಸಣ್ಣಗೆ ಬರುತ್ತಲೇ ಇದೆ. ಅದು ತಣ್ಣಗಿರುತ್ತದೆ, ಮಣ್ಣು ಹೊತ್ತು ಭಾರವಾಗಿರುತ್ತದೆ. ಮೇಲಿನ ತಿಳಿನೀರಿನ ಜೊತೆ ಬೆರೆಯುವುದಿಲ್ಲ. ಕೆರೆ ಕಟ್ಟುವ ಮೊದಲು ಹಳ್ಳ ಎಲ್ಲಿ ಹರಿಯುತ್ತಿತ್ತೋ ಅದೇ ದಾರಿಗುಂಟ, ತಳದಲ್ಲಿ, ಇವತ್ತಿಗೂ ಹರಿದು ಬಂದು ತೂಬಿನ ಮುಂದೆ ಮಲಗುತ್ತದೆ.

"ಕೆರೆ ಕಟ್ಟಿದ್ದು ನಮಗೆ ಗೊತ್ತು ಸ್ವಾಮಿ. ಹಳ್ಳಕ್ಕೆ ಯಾರೂ ಹೇಳಿಲ್ಲ" ಎಂದ.

ಮುಳುಗುಗಾರರು ಅವನ ಕಡೆ ಮೊದಲ ಬಾರಿಗೆ ಸರಿಯಾಗಿ ತಿರುಗಿ ಕೂತರು. ಹೊಳೆ ಸಮುದ್ರ ಸೇರುವ ಅಳಿವೆಗಳಲ್ಲಿ ಇಂಥದ್ದನ್ನು ನಾನು ನೋಡಿದ್ದೇನೆ, ಆದರೆ ಅಲ್ಲಿ ಉಪ್ಪುನೀರು ಕೆಳಗೆ, ಹೊಳೆಯ ಕೆಸರುನೀರು ಮೇಲೆ. ಇಲ್ಲಿ ತಿರುಗುಮುರುಗು ಎಂದರು. ತಳದ ನೀರು ಹರಿಯುವುದು ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಮುಳುಗುವಾಗ ಸೊಂಟದವರೆಗೆ ಬೆಚ್ಚಗಿದ್ದು ಕಾಲಿಗೆ ಮಾತ್ರ ಚಳಿ ಹತ್ತುತ್ತದೆ, ಆ ಚಳಿ ಒಂದೇ ಕಡೆಯಿಂದ ತಳ್ಳುತ್ತದೆ ಎಂದ. ಮತ್ತೆ ಎಂದು ಬಂದರೆ ಕಾಣುತ್ತದೆ ಎಂದು ಅವರು ಕೇಳಿದರು. ಅವನು ಲೆಕ್ಕ ಹಾಕಿ ಹೇಳಿದ: ಸಂಕ್ರಾಂತಿ ಆದ ಮೇಲೆ ಬೇಸಿಗೆ ಬೆಳೆಗೆ ತೂಬು ಎತ್ತಿ ನೀರು ಬಿಡುತ್ತಾರೆ. ತಳದ ಕೆಂಪು ನೀರೇ ಮೊದಲು ಹೊರಗೆ ಹೋಗುತ್ತದೆ. ಮೂರು ವಾರ ಹರಿಯಲಿ. ಆಮೇಲೆ ತೂಬು ಇಳಿಸಿ ಎರಡು ದಿನ ನೀರನ್ನು ಸುಮ್ಮನೆ ಬಿಡಲಿ. ಗಾಳಿ ಏಳುವ ಮೊದಲು ಬೆಳಗ್ಗೆ ಬರಲಿ. ಯುಗಾದಿವರೆಗೆ ತಡ ಮಾಡಿದರೆ ಪಾಚಿ.

ಮುಳುಗುಗಾರರು ಒಪ್ಪಿದರು. ಸಾಹೇಬರು ಒಪ್ಪಿದಂತೆ ತಲೆಯಾಡಿಸಿ, ಅವರ ಜೀಪು ಹೊರಟ ಮೇಲೆ ನನ್ನನ್ನು ಒಳಗೆ ಕರೆದರು. ಎರಡು ತಿಂಗಳು ಯಾಕೆ ಕೇಳಿದ ಗೊತ್ತೇನ್ರಿ ಎಂದರು. ಗೊತ್ತಿಲ್ಲ ಎಂದೆ. ಅಷ್ಟರಲ್ಲಿ ತಾನೇ ಇಳಿದು ಕಂಬಿ ಮುರಿದಿಡುವುದಕ್ಕೆ ಎಂದರು.

ಹೀಗೆ ಒಂದು ಮೌಖಿಕ ಆದೇಶವಾಯಿತು. ಫೆಬ್ರವರಿಯವರೆಗೆ ದೋಣಿಯಣ್ಣ ನೀರಿಗೆ ಇಳಿಯಕೂಡದು, ದೋಣಿ ಮುಟ್ಟಕೂಡದು. ಬಂಗಲೆಯ ಕ್ರೋಟನ್ ಗಿಡಗಳಿಗೆ ನೀರು ಹಾಕಿಕೊಂಡಿರತಕ್ಕದ್ದು. ಅವನು ಆದೇಶ ಪಾಲಿಸುತ್ತಾನೋ ಇಲ್ಲವೋ ನೋಡಿಕೊಳ್ಳುವ ಗೂಢಚಾರ ನಾನು. ನನ್ನ ಗೂಢಚರ್ಯೆ ಬಹಳ ಸರಳವಾಗಿತ್ತು. ಹಗಲು ಬಂಗಲೆಯ ಮುಂದೆ ಎರಡು ಸಲ ಹಾಯುವುದು. ಸಂಜೆ ಸೈಕಲ್ ತುಳಿದುಕೊಂಡು ಅವನ ಕೇರಿಗೆ ಹೋಗಿ, ಅವನ ಲುಂಗಿ ಒದ್ದೆಯಾಗಿದೆಯೇ ಎಂದು ನೋಡುವುದು. ಕ್ರೋಟನ್ ಗಿಡಗಳಿಗೆ ನೀರು ಹಾಕಿದವನ ಲುಂಗಿ ಒದ್ದೆಯಾಗಿಯೇ ಇರುತ್ತದೆ ಎಂಬುದು ನಾಲ್ಕನೇ ದಿನ ಹೊಳೆಯಿತು. ಆಮೇಲೆ ತಲೆಗೂದಲು ನೋಡತೊಡಗಿದೆ.

ಮೊದಲ ಸಂಜೆಯೇ ಅವನ ಹೆಂಡತಿ ಚಾಪೆ ಹಾಸಿ, "ಬರ್ರಿ, ಕುಂತ್ಕಳ್ರಿ, ಕಾಯಾಕೆ ಬಂದೀರಿ, ನಿಂತ್ಕಂಡು ಯಾಕೆ ಕಾಯ್ತೀರಿ" ಎಂದು ಮಜ್ಜಿಗೆ ಕೊಟ್ಟಳು. ನಾನು ಆ ಕಡೆ ಯಾವುದೋ ಕೆಲಸದ ಮೇಲೆ ಬಂದೆ ಎಂದೆ. ಹೌದೇಳ್ರಿ ಎಂದಳು. ಮರುದಿನವೂ ಅದೇ ಕೆಲಸದ ಮೇಲೆ ಹೋದೆ. ಒಂದು ವಾರ ಕಳೆಯುವ ಹೊತ್ತಿಗೆ ಮಜ್ಜಿಗೆ ನನಗಾಗಿ ತೆಗೆದಿಟ್ಟಿರುತ್ತಿತ್ತು. ಅದರಲ್ಲಿ ಏನಾದರೂ ಬೆರೆಸಿದ್ದಾರೆಯೇ ಎಂದು ನನಗೂ ಒಮ್ಮೆ ಅನ್ನಿಸಿತು. ಕುಡಿದ ಮೇಲೆ ಅನ್ನಿಸಿದ್ದರಿಂದ ಉಪಯೋಗವಾಗಲಿಲ್ಲ. ಈ ನಡುವೆ ನಮ್ಮ ಕಚೇರಿಯ ಜವಾನ ದಿನಾ ಸಂಜೆ ಕೇರಿಯ ಬೀಡಿ ಅಂಗಡಿಯ ಮುಂದೆ ನಿಂತಿರುವುದು ಕಂಡಿತು. ಅವನು ಬೀಡಿ ಸೇದುವುದಿಲ್ಲ. ನಾನು ದೋಣಿಯಣ್ಣನನ್ನು ನೋಡಿಕೊಳ್ಳುತ್ತಿದ್ದೇನೋ ಇಲ್ಲವೋ ಎಂದು ನೋಡಿಕೊಳ್ಳಲು ಅವನನ್ನು ನೇಮಿಸಲಾಗಿತ್ತು. ಅವನನ್ನು ಯಾರು ನೋಡಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ಖಂಡಿತ ಯಾರೋ ಇದ್ದಿರಬೇಕು.

ದೋಣಿಯಣ್ಣ ಆ ದಿನಗಳಲ್ಲಿ ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಬಲೆಯ ಹರಕು ಹೊಲಿಯುತ್ತ ಕೂತಿರುತ್ತಿದ್ದ. ಮಾತು ಅವನ ಹೆಂಡತಿಯದು. ಅವರಿಗೆ ಹೊಲ ಇಲ್ಲ. ಇವನಿಗೆ ಬೇರೆ ಕೆಲಸ ಕಲಿತು ಗೊತ್ತಿಲ್ಲ. ಕಿವಿ ಆಗಲೇ ಮಂದ, ಮುಳುಗಿ ಮುಳುಗಿ ಹಾಗಾದದ್ದು. ಒಂದು ಸಲ ಹೆಸರು ಹೊಡೆದರೆ ಸುಳ್ಳುಗಾರ ಎಂದು ಹೊಡೆದ ಹಾಗೆ, ಆಮೇಲೆ ಯಾವ ಕಟ್ಟೆಯ ಮೇಲೂ ಕರೆಯುವುದಿಲ್ಲ. ಇದನ್ನು ಅವಳು ದೂರುವವಳಂತೆ ಹೇಳಲಿಲ್ಲ. ನನಗೆ ತಿಳಿದಿರಲಿ ಎಂಬಂತೆ ಹೇಳಿ, ಲೋಟ ತೆಗೆದುಕೊಂಡು ಒಳಗೆ ಹೋದಳು. ಅವನು ಬಲೆಯಿಂದ ತಲೆಯೆತ್ತಿ ಒಂದೇ ಒಂದು ಪ್ರಶ್ನೆ ಕೇಳಿದ.

"ನೀವು ಏನಂತೀರಿ ಸ್ವಾಮಿ? ಕಂಬಿ ಮುರಿದೈತೋ ಇಲ್ವೋ?"

ನಾನು ನೋಡಿಲ್ಲವಲ್ಲ ಅಣ್ಣ ಎಂದೆ. ಅವನು ಸೂಜಿಗೆ ದಾರ ಏರಿಸಿದ. ಆ ಉತ್ತರ ಸರ್ಕಾರಿ ದೃಷ್ಟಿಯಿಂದ ನಿರ್ದುಷ್ಟವಾದದ್ದು. ಅದನ್ನು ನೆನೆದರೆ ಇಂದಿಗೂ ನನಗೆ ಊಟ ರುಚಿಸುವುದಿಲ್ಲ.

ಸಂಕ್ರಾಂತಿ ಆದ ಮೇಲೆ ತೂಬು ಎತ್ತಿದರು. ಕಾಲುವೆಯಲ್ಲಿ ಮೊದಲು ಬಂದ ನೀರು ಹೆಂಚಿನ ಬಣ್ಣ. ಮೇಲೆ ನೋಡಿದರೆ ಕೆರೆ ತಿಳಿ, ಕಾಲುವೆಯಲ್ಲಿ ನೋಡಿದರೆ ಕೆಂಪು. ಎರಡೂ ಒಂದೇ ಕೆರೆಯದು. ನಾನು ದಿನಾ ಕಾಲುವೆಯ ಏರಿಯ ಮೇಲೆ ನಿಂತು ನೋಡುತ್ತಿದ್ದೆ. ಹತ್ತು ದಿನಕ್ಕೆ ಕೆಂಪು ಹೋಗಿ ಮಾಸಲು ಬಣ್ಣ ಬಂತು, ಮೂರನೇ ವಾರಕ್ಕೆ ಕಾಲುವೆಯ ತಳದ ಕಲ್ಲು ಕಾಣಿಸಿತು. ಅನುಮಾನ ಪಡುವುದಕ್ಕೆ ನನಗೆ ಏನೂ ಸಿಗದೆ ಹೋದ ಮೊದಲ ದಿನ ಅದು, ಮತ್ತು ಅದೇ ಒಂದು ಬಗೆಯ ಕಳವಳವಾಯಿತು. ಇವನು ನೀರಿನ ವಿಷಯದಲ್ಲಿ ಸರಿಯಾದರೆ ಕಂಬಿಯ ವಿಷಯದಲ್ಲೂ ಸರಿ. ಹಾಗಾದರೆ ನಾವೆಲ್ಲ ಆರು ತಿಂಗಳಿಂದ ಮಾಡುತ್ತಿದ್ದದ್ದು ಏನು?

ಮುಳುಗುಗಾರರು ಫೆಬ್ರವರಿಯಲ್ಲಿ ಬಂದರು. ತೂಬು ಇಳಿಸಿ ಎರಡು ದಿನವಾಗಿತ್ತು. ಬೆಳಗಿನ ಎಂಟಕ್ಕೆ, ಗಾಳಿ ಇನ್ನೂ ಎದ್ದಿರಲಿಲ್ಲ. ಈ ಸಲ ದೋಣಿ ನಡೆಸಿದವನು ಜವಾನ, ಬಹಳ ಕೆಟ್ಟದಾಗಿ. ದೋಣಿಯಣ್ಣನನ್ನು ದಡದಲ್ಲಿ, ನೀರಿನಿಂದ ಹತ್ತು ಹೆಜ್ಜೆ ಹಿಂದೆ, ಸಾಹೇಬರ ಪಕ್ಕದಲ್ಲಿ ನಿಲ್ಲಿಸಿದ್ದರು. ಹೆಂಡತಿ ಏರಿಯ ಮೇಲೆ ಕೂತಿದ್ದಳು. ಮುಳುಗುಗಾರರು ಇಳಿದರು. ನನಗೆ ಅವರ ಹಳದಿ ಸಿಲಿಂಡರ್ ಬಹಳ ಆಳದವರೆಗೆ ಕಾಣುತ್ತಲೇ ಇತ್ತು, ಚಿಕ್ಕದಾಗುತ್ತ, ಹಸಿರಾಗುತ್ತ. ಮರೆಯಾದ ಮೇಲೂ ನಾನು ಅಲ್ಲೇ ನೋಡುತ್ತಿದ್ದೆ.

ಹದಿನೈದು ನಿಮಿಷ ಆಯಿತು. ಮೇಲೆ ಬಂದವರು ಈ ಸಲ ನನ್ನನ್ನು ನೋಡಲಿಲ್ಲ, ದೋಣಿಯೊಳಗೆ ಏರಲೂ ಇಲ್ಲ. ದಡದವರೆಗೆ ಈಜಿಕೊಂಡು ಹೋಗಿ, ನೀರಲ್ಲೇ ನಿಂತು ಹೇಳಿದರು. ಎಡದಿಂದ ಐದನೆಯದು ಬುಡದಲ್ಲಿ ಮುರಿದಿದೆ, ಒಳಕ್ಕೆ ಬಾಗಿದೆ. ತುಕ್ಕು ಹಳೆಯದು, ಮೊನ್ನೆ ಮುರಿದದ್ದಲ್ಲ. ನಾಲ್ಕನೆಯದೂ ಹೋಗಿದೆ. ಎರಡರ ನಡುವೆ ಒಂದು ಮರದ ದಿಮ್ಮಿ ಸಿಕ್ಕಿಕೊಂಡಿದೆ.

ನಾವು ದೋಣಿಯಲ್ಲಿ ದಡ ಮುಟ್ಟುವ ಹೊತ್ತಿಗೆ ಸಾಹೇಬರು ಚೇತರಿಸಿಕೊಂಡಿದ್ದರು. ಅವರಿಗೆ ಹಿಡಿಯಲು ಒಂದು ತುದಿ ಸಿಕ್ಕಿತ್ತು.

"ಐದನೆಯದು ಅಂತ ಮಾತ್ರ ಹೇಳಿದ್ದೆ. ನಾಲ್ಕನೆಯದನ್ನ ಯಾಕೆ ಮುಚ್ಚಿಟ್ಟೆ?"

ದೋಣಿಯಣ್ಣ ಕಿವಿಯ ಮೇಲೆ ಕೈಯಿಟ್ಟು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡ.

"ಆವತ್ತು ನಾಲ್ಕನೇದು ಚೆನ್ನಾಗಿತ್ತು ಸಾಹೇಬ್ರೆ. ನೀವು ನಂಬೋವರ್ಗೂ ಅದು ಕಾಯ್ಬೇಕಲ್ಲ."

ಸಾಹೇಬರು ಕಚೇರಿಗೆ ಬಂದು ಟಿಪ್ಪಣಿ ಬರೆದರು: ಸದರಿ ದಿನಗೂಲಿ ನೌಕರನ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಮುಂದುವರಿಸುವುದು, ಅವನ ಹೇಳಿಕೆಗಳನ್ನು ಮುಂದೆಯೂ ಪರಿಶೀಲನೆಗೆ ಒಳಪಡಿಸತಕ್ಕದ್ದು. ಜಾಲರಿಯ ಕೆಲಸ ಆ ಬೇಸಿಗೆಯಲ್ಲೇ ಆಯಿತು. ನೀರು ಇಳಿದು ಗುಂಡಿಯಲ್ಲಿ ಮೀನು ಸೇರಿದಾಗ ಬುಟ್ಟಿ ಹಿಡಿದು ಬಂದವರಲ್ಲಿ ಸಾಹೇಬರ ಅಡುಗೆಯವನೂ ಇದ್ದ. ಇದನ್ನು ನಾನು ಎಲ್ಲೂ ದಾಖಲಿಸಲಿಲ್ಲ.

ಮುಳುಗುಗಾರರು ಹೊರಡುವ ಮೊದಲು ತಮ್ಮ ವರದಿಯ ಒಂದು ಪ್ರತಿಯನ್ನು ದೋಣಿಯಣ್ಣನ ಕೈಗೂ ಕೊಟ್ಟರು. ನಿನ್ನ ಮಾತು ನಿಜವಾಯಿತು ಎಂಬುದಕ್ಕೆ ನಿನ್ನ ಹತ್ತಿರವೂ ಒಂದು ಕಾಗದ ಇರಲಿ ಎಂದರು. ಅದು ಇಂಗ್ಲಿಷಿನಲ್ಲಿತ್ತು. ಅವನು ಅದನ್ನು ನನ್ನ ಮೇಜಿನ ಮೇಲಿಟ್ಟು ಏನು ಬರೆದಿದೆ ಎಂದು ಕೇಳಿದ. ನಾನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ: ಐದನೇ ಕಂಬಿ, ಹಳೆಯ ತುಕ್ಕು, ಸ್ಥಳೀಯ ಮುಳುಗುಗಾರ ಕೊಟ್ಟ ಮಾಹಿತಿ ಸರಿ. ಇನ್ನೊಂದು ಸಲ ಎಂದ. ಇನ್ನೊಂದು ಸಲ ಹೇಳಿದೆ. ಸ್ಥಳೀಯ ಎಂದರೆ ನಾನೇ ತಾನೆ ಎಂದು ಕೇಳಿದ. ನೀನೇ ಎಂದೆ. ಅವನು ನನ್ನ ಮುಖವನ್ನು, ನಾನು ಎರಡು ತಿಂಗಳು ಅವನ ತಲೆಗೂದಲನ್ನು ನೋಡಿದ್ದೆನಲ್ಲ, ಅದೇ ಬಗೆಯಲ್ಲಿ ನೋಡಿ, ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೋದ.

ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಅದರ ಮರುದಿನ ಬೆಳಗ್ಗೆ ಹತ್ತಕ್ಕೆ ದೋಣಿಯ ಹತ್ತಿರ ಸಿಕ್ಕ. ಶ್ರೀರಾಂಪುರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರ ಕೈಯಲ್ಲಿ ಕಾಗದ ಓದಿಸಿಕೊಂಡು ಬಂದಿದ್ದನಂತೆ. ನಾನು ಹಲಗೆ ಹಿಡಿದು ಹುಷಾರಾಗಿ ಕೂತ ಮೇಲೆ, ಹುಟ್ಟನ್ನು ನೀರಿಗೆ ಹಾಕುತ್ತ, ನೀವು ಓದಿದ್ದು ಸರಿಯಾಗೇ ಐತೆ ಸ್ವಾಮಿ ಎಂದ.